ಅಸಿಂಧು: ಒಂದು

ಠರಾವು ಬುಕ್ಕಿನ್ಯಾಗ ನಿನ್ನಿ ಸಂಜಿಕ ನಾನs ಬರದೆ.
ಪಂಚಾಯ್ತಿ ಲೈಬ್ರರಿಯ ಕದ ತಗಿಯಾಕಿ, ತಿಪ್ಪವ್ವ;
ಅಕ್ಷರ ದುಂಡಗದಾವಂತ ಕರದಿದ್ದರು.
ವಿಷಯ: ಘಟಪ್ರಭೆಯ ದಂಡಿ ಬಯಲಿನ್ಯಾಗ
ಬೇಟೆನಾಯಿ ಓಟ, ಅದರ ಮ್ಯಾಲೆ ಪಣ,
ರಸೀದಿ ಹರದು, ಪಂಚಾಯ್ತಿಗೆ ನೂರಕ್ಕ ಹತ್ತು ಕೊಟ್ಟು
ಹಗಲ ಬೆಳಕಿನ್ಯಾಗ ನಡೀಲ್ಯೋ, ಬ್ಯಾಡೋ.

ಕಾಯ್ದೆ ಬ್ಯಾರೆ ಕಡೆ ಹುಟ್ಟತೈತಿ,
ನಮ್ಮ ಠರಾವಿಗೆ ಅದು ಕಿವಿ ಕೊಡೂದಿಲ್ಲ
ಅಂತ ಪಿಡಿಓ ಸಾಹೇಬರು ಮೊದಲs ಹೇಳಿದ್ದರು.
ಆದರೂ ಎಂಟು ಹೊಡಿಯೂದರಾಗ ಸಾಲಿ ಅಂಗಳದ ತುಂಬ ಪಾಳಿ.

ಹೌದಿಗೆ ಗೋವಿನಜೋಳದ ಕಾಳು,
ಬ್ಯಾಡಕ್ಕ ಹುಣಸಿ ಬೀಜ.
ಒಬ್ಬೊಬ್ಬರ ಅಂಗೈಯಾಗ ಎರಡೂ ಇಡಾಕಿ ನಾನು.
ಬಾಯಿಗೆ ಅರಿವಿ ಬಿಗಿದ ಗಡಿಗಿಯೊಳಗ ಒಂದು,
ಉಳದದ್ದು ಚೀಲದಾಗ.
ಹೆಂಡತಿ ಮುಟಗಿ ಗಂಡಗ ಕಾಣೂದಿಲ್ಲ.
ನಾ ಯಾವುದು ಹಾಕಿದೆ ಅಂತ ಕೇಳಬ್ಯಾಡ್ರಿ.

ಮೊದಲ ಗೂಳಪ್ಪ ಎದ್ದ, ಬಗಲಾಗ ನಾಯಿ,
ಟಾವೆಲ್ ಹೊದ್ದು ನಿಂತಿತ್ತು ಹೊಸ ಅಳಿಯನಂಗ.
'ಕುದುರಿ ಓಡಿದರ ದೊಡ್ಡವರು ಟೊಪಗಿ ಹಾಕ್ಕೊಂಡು
ಖುರ್ಚಿ ಮ್ಯಾಲೆ ಕುಂತು ರೊಕ್ಕ ಕಟ್ಟತಾರ.
ನಾಯಿ ಓಡಿದರ ಜೀಪ ಬರತೈತಿ.
ನಾಕು ಕಾಲು ಅದಕ್ಕೂ ಅದಾವ, ಇದಕ್ಕೂ ಅದಾವ!'
ನಕ್ಕರು. ಚಪ್ಪಾಳಿನೂ ಬಿತ್ತು.

ಯಮನವ್ವ ಎದ್ದು ನಿಲ್ಲಲಿಲ್ಲ,
ಕುಂತಲ್ಲೇ ಸೆರಗ ಸರಿಸಿ ಕಿವಿ ತೋರಿಸಿದಳು.
'ಬೆಂಡೋಲಿ ಹ್ವಾದ ವರ್ಷದ ಓಟಕ್ಕ ಓಡಿ ಹೋದವು.
ರಸೀದಿ ಕೊಟ್ಟರ ಈ ತೂತು ತುಂಬತೈತೇನು, ಸಾಹೇಬರ?'
ಸಾಹೇಬರು ಗಡಿಯಾರ ನೋಡಿಕೊಂಡರು.

ಅತ್ತ ಕಾಶಪ್ಪನ ಪಾನಂಗಡಿ ಹಿಂದ
ಈ ಮತದಾನದ ಮ್ಯಾಲೇ ಪಣ ಏರಿತ್ತು.
ಹೌದಿಗೆ ಹತ್ತಕ್ಕ ಹದಿನೈದು,
ಬ್ಯಾಡಕ್ಕ ಹತ್ತಕ್ಕ ಇಪ್ಪತ್ತೆರಡು.
ಸಿಗರೇಟ ಪಾಕೀಟ ಹರದು, ಅದರ ಬೆನ್ನ ಮ್ಯಾಲೆ ಲೆಕ್ಕ.
ಅಸಿಂಧು ಮ್ಯಾಲೆ ಯಾರೂ ಕಟ್ಟಿರಲಿಲ್ಲ.

ಮೂರಕ್ಕ ಗಡಿಗಿ ಜಮಖಾನಿ ಮ್ಯಾಲೆ ಬೋರಲು ಹಾಕಿದಿವಿ.
ಹಳದಿ, ಕಂದು, ಹಳದಿ, ಕಂದು,
ಎಲ್ಲಾದರ ಕಡೀಕ, ಕಿಣ್ ಅಂತ
ಒಂದು ಹಿತ್ತಾಳಿ ಗೆಜ್ಜಿ.
ಅರ್ಧ ಸೀಳಿತ್ತು. ಕೆಂಪು ದಾರದ ಗಂಟಿನ್ಯಾಗ
ಎರಡೋ ಮೂರೋ ಕೂದಲ, ಗೋದಿ ಬಣ್ಣದ್ದು.

ಗೂಳಪ್ಪ ತನ್ನ ನಾಯಿ ಕೊರಳ ತಡವಿ ನೋಡಿಕೊಂಡ.
ಎಲ್ಲಾ ಗೆಜ್ಜಿ ಇದ್ದವು.

ಅದು ಪಾರಿಯದು.
ಮೂರು ವರ್ಷದ ಹಿಂದ, ಕಡೀ ಓಟ.
ಮುಂದ ಬೈಕಿಗೆ ಕಟ್ಟಿ ಎಳದ ಗೋಣಿಚೀಲ,
ಪಾರಿಗೆ ಮಾತ್ರ ಅದು ಮೊಲ.
ಸುಣ್ಣದ ಗೆರಿ ದಾಟಿದ ಮ್ಯಾಲೂ ನಿಲ್ಲಲಿಲ್ಲ.
ಬೈಕ್ ಹೊಳ್ಳಿತು. ಪಾರಿ ಹೊಳ್ಳಲಿಲ್ಲ.
ಎದುರಿಗೆ ಕಬ್ಬಿನ ಟ್ರ್ಯಾಕ್ಟರ್.
ಮೊದಲನೇ ನಂಬರ ಅದರದೇ;
ಅದರ ಮ್ಯಾಲೆ ಕಟ್ಟಿದವರು
ಧೂಳ ಕೂಡೂದರೊಳಗ ರೊಕ್ಕ ಎಣಿಸಿಕೊಂಡಿದ್ದರು.
ಲಾಲಸಾಬ ಅಂಗಿ ಬಿಚ್ಚಿ ಅದರಾಗ ಸುತ್ತಿಕೊಂಡು ನಡದ.

ನಿನ್ನಿ ಪಾಳಿಯಾಗ ಕಡೀಕ ಬಂದಾಂವ ಅವನೇ.
ಕಾಳು, ಬೀಜ ಎರಡೂ ನನ್ನ ಕೈಯಾಗ ಹೊಳ್ಳಿ ಇಟ್ಟ.
ಖಾಲಿ ಅಲ್ಲದ ಮುಟಗಿ ಗಡಿಗಿಯೊಳಗ ಇಳೀತು.
ಕಂಡಿತ್ತು ನನಗ. ನಾ ಏನೂ ಅನ್ನಲಿಲ್ಲ.

ಹೌದು ಇನ್ನೂರ ಎಂಬತ್ತೇಳು, ಬ್ಯಾಡ ಮುನ್ನೂರ ಒಂದು.
ಬ್ಯಾಡ ಗೆದ್ದಿತು;
ಬ್ಯಾಡದ ಮ್ಯಾಲೆ ಕಟ್ಟಿದವರು ಗೆದ್ದ ರೊಕ್ಕ ಇಸಗೊಳ್ಳಾಕ
ಅಂಗಡಿ ಹಿಂದಕ್ಕ ಹೋದರು.
'ಗೆಜ್ಜಿ ಏನ ಮಾಡೂದ್ರಿ?' ಅಂದೆ.
'ಕಾಳಲ್ಲ, ಬೀಜಲ್ಲ. ಬರೀರಿ,
ಅಸಿಂಧು: ಒಂದು.'
ಬರದೆ. ದುಂಡಗ.

ಇವತ್ತು ಮುಂಜಾನೆ ತಾರೀಖಿನ ಶಿಕ್ಕಾ ಹುಡುಕಾಕ
ಲೈಬ್ರರಿ ಡ್ರಾವರ್ ಎಳದೆ,
ಸೀಳು ಗೆಜ್ಜಿ ಅಲ್ಲೇ ಉರುಳಿ ಸಣ್ಣಗ ಸಪ್ಪಳ ಮಾಡಿತು.
ಹೊರಗ ನಳದ ಕಟ್ಟಿ ಹಂತ್ಯಾಕ ಮಲಗಿದ್ದ ಗೂಳಪ್ಪನ ನಾಯಿ
ಕಿವಿ ನಿಗರಿಸಿ ಎದ್ದು ನಿಂತಿತು,
ಮುಂಗಾಲು ಒಂದು ಮ್ಯಾಲೆತ್ತಿ,
ರಸ್ತೆ ಖಾಲಿ ಇತ್ತು, ಅದನ್ನs ನೋಡಕೋತ.

ನಾ ಡ್ರಾವರ್ ಮೆಲ್ಲಕ ಮುಚ್ಚಿದೆ.